ಬಾವಿಗೆ ಕ್ಯಾಮೆರಾ ಹಿಡಿದ ಮಾಸ್ತರು

ನಮ್ಮ ವಿಜ್ಞಾನದ ಮಾಸ್ತರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ನನ್ನ ಜೊತೆ ಓದಿದ ಬಸು. ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ, ಚಹಾದ ಬಶಿಯನ್ನು ತುಟಿಯ ಹತ್ತಿರ ಹಿಡಿದುಕೊಂಡು, "ಮಾಸ್ತರು ತೀರಿಕೊಂಡ್ರಂತಲೇ" ಅಂದ. ಯಾವ ಮಾಸ್ತರು ಎಂದು ನಾನು ಕೇಳಲಿಲ್ಲ. ನಮಗಿಬ್ಬರಿಗೂ ಮಾಸ್ತರು ಅಂದರೆ ಅವರೊಬ್ಬರೇ. ಆಮೇಲೆ ಬಸು, "ಆ ಕಂಬಳಿ ನೆನಪೈತೇನಲೇ?" ಅಂದ. ಅಷ್ಟೇ. ನಾನು ನಗಲು ಶುರು ಮಾಡಿದೆ, ಅವನೂ ಶುರು ಮಾಡಿದ, ಚಹಾ ಮೂಗಿಗೇರಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಏನಪಾ, ಯಾರ ಮನ್ಯಾಗ ಲಗ್ನ?" ಎಂದು ಕೇಳಿದರು. ಸಾವಿನ ಸುದ್ದಿಗೆ ಹೀಗೆ ನಗಬಾರದು ಎನ್ನುವುದು ನನಗೂ ಗೊತ್ತು. ಅಳು ಬಂದದ್ದು ಮನೆಗೆ ಹೋದ ಮೇಲೆ.

ಅವರ ಹೆಸರು ಬರೆಯುವುದಿಲ್ಲ. ಸವಣೂರಿನ ಒಂದು ಹೈಸ್ಕೂಲಿನಲ್ಲಿ, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಮಗೆ ವಿಜ್ಞಾನ ಕಲಿಸಿದವರು ಎಂದರೆ ಸಾಕು. ಎತ್ತರದ ಆಳು. ಧೋತರ, ಮೇಲೊಂದು ಮುಚ್ಚುಗೊರಳಿನ ಕೋಟು. ಕೋಟಿನ ಒಂದು ಕಿಸೆಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಸವಣೂರಿನ ವೀಳ್ಯದೆಲೆ. ಪಾಠದ ಭರದಲ್ಲಿ ಎಲೆಗೆ ಸೀಮೆಸುಣ್ಣ ಉಜ್ಜಿ ಬಾಯಿಗೆ ಹಾಕಿಕೊಂಡದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅರ್ಧ ಅಗಿದ ಮೇಲೆ ಗೊತ್ತಾದರೂ ಉಗುಳುತ್ತಿರಲಿಲ್ಲ. ಹುಡುಗರ ಮುಂದೆ ಒಂದು ಪ್ರಯೋಗ ಶುರು ಮಾಡಿದ ಮೇಲೆ ನಡುವೆ ಬಿಡಬಾರದು ಎನ್ನುವುದು ಅವರ ನಿಯಮವಾಗಿತ್ತು.

"ಇದರ ಹಿಂದ ಒಂದು ತತ್ವ ಐತಿ" ಎನ್ನುವುದು ಅವರ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬರುತ್ತಿದ್ದ ಮಾತು. ಕೆಸರಿನಲ್ಲಿ ಜಾರಿ ಬಿದ್ದರೆ ಅದರ ಹಿಂದೆ ಘರ್ಷಣೆಯ ತತ್ವ. ಹಾಲು ಉಕ್ಕಿದರೆ ಉಷ್ಣದ ತತ್ವ. ಒಮ್ಮೆ ಗಾಳಿಯ ಒತ್ತಡ ತೋರಿಸಲು ಲೋಟದ ತುಂಬ ನೀರು ಹಾಕಿ, ಬಾಯಿಗೆ ಕಾಗದ ಮುಚ್ಚಿ, ವರ್ಗಕ್ಕೆ ಬಂದಿದ್ದ ಹೆಡ್ ಮಾಸ್ತರರ ತಲೆಯ ಮೇಲೆ ಬೋರಲು ಹಿಡಿದರು. ನೀರು ಬೀಳುವುದಿಲ್ಲ ಎಂದು ಅವರಿಗೆ ಪೂರ್ತಿ ನಂಬಿಕೆ. ನೀರು ಬಿತ್ತು. ಹೆಡ್ ಮಾಸ್ತರರ ರುಮಾಲಿನಿಂದ ನೀರು ತೊಟ್ಟಿಕ್ಕುತ್ತಿರುವಾಗ ಇವರು ನಮ್ಮ ಕಡೆ ತಿರುಗಿ, "ಕಾಗದ ಕೆಟ್ಟಿತ್ತು. ತತ್ವಕ್ಕ ಏನೂ ಆಗಿಲ್ಲ, ಬರ್ಕೋರಿ" ಅಂದರು. ನಾವು ಬರೆದುಕೊಂಡೆವು.

ಅವರ ಹೆಂಡತಿಯನ್ನು ನಾವು ಅಕ್ಕಾರು ಎನ್ನುತ್ತಿದ್ದೆವು. ಅಕ್ಕಾರಿಗೆ ತತ್ವಗಳ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ಅವರಿಗೆ ಇದ್ದ ದುಃಖ ಒಂದೇ, ನೀರಿನದು. ಮದುವೆಯಾಗಿ ಬಂದಾಗ ಮಾಸ್ತರು ಹಾನಗಲ್ಲಿನಲ್ಲಿದ್ದರು. ಅಲ್ಲಿನ ಬಾವಿಯಲ್ಲಿ ತುಸು ಬಗ್ಗಿದರೆ ಕೊಡ ಮುಳುಗುತ್ತಿತ್ತಂತೆ. ಆಮೇಲೆ ಶಿಗ್ಗಾಂವಿಗೆ ವರ್ಗವಾಯಿತು, ಅಲ್ಲಿ ಹಗ್ಗ ಬೇಕಾಯಿತು. ಆಮೇಲೆ ಸವಣೂರು. ಇಲ್ಲಿ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬೇಕಾಯಿತು. "ಇವರಿಗೆ ಪ್ರಮೋಶನ್ ಆದಂಗ ನನ್ನ ಬಾವಿ ಆಳ ಆಕ್ಕೋತ ಹೊಂಟಾವು" ಎನ್ನುತ್ತಿದ್ದರು ಅಕ್ಕಾರು. ಮಾಸ್ತರು ಪ್ರತಿ ಊರಿಗೆ ಹೋದ ಕೂಡಲೇ ಬಾವಿಗೆ ಒಂದು ಕಲ್ಲು ಹಾಕಿ, ಅದು ಬೀಳುವ ಸಪ್ಪಳ ಕೇಳುವವರೆಗೆ ಕೈಗಡಿಯಾರ ನೋಡಿ, ಆಳ ಎಷ್ಟು ಎಂದು ಲೆಕ್ಕ ಮಾಡಿ, ಅದನ್ನು ಹೆಂಡತಿಗೆ ಸಂಭ್ರಮದಿಂದ ಹೇಳುತ್ತಿದ್ದರು. ಅಕ್ಕಾರು ಎರಡು ಕೊಡ ಹೊತ್ತುಕೊಂಡು ನಿಂತಲ್ಲೇ ಅದನ್ನು ಕೇಳಬೇಕಿತ್ತು.

ಸವಣೂರಿನಲ್ಲಿ ಅವರಿದ್ದದ್ದು ನಮ್ಮ ಓಣಿಯಲ್ಲೇ. ಎಲೆಯ ವ್ಯಾಪಾರದವರು, ನೇಕಾರರು, ಗಾಡಿ ಹೊಡೆಯುವವರು ಎಲ್ಲರೂ ಇದ್ದ ಓಣಿ. ಎಲ್ಲರಿಗೂ ಸೇರಿ ಒಂದೇ ಬಾವಿ. ಪಕ್ಕದ ಓಣಿಯವರೆಗೆ ನಳದ ನೀರು ಬಂದಿತ್ತು, ನಮ್ಮ ಕಡೆಗೆ ತಿರುಗಿರಲಿಲ್ಲ. ಪುರಸಭೆಗೆ ಅರ್ಜಿ ಕೊಟ್ಟದ್ದಾಗಿತ್ತು. ಆ ವರ್ಷ ಅಕ್ಕಾರ ನಡು ಹಿಡಿದುಕೊಂಡಿತು. ಬೆನ್ನಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತ, "ಇನ್ನ ನನ್ನ ಕೈಲೆ ಆಗೂದಿಲ್ರಿ. ಈ ಬ್ಯಾಸಿಗ್ಯಾಗ ನಳಾ ಬರದಿದ್ರ ನಾ ತವರಿಗೆ ಹೋಗಾಕಿ" ಎಂದು ಹೇಳಿಬಿಟ್ಟರು. ಅಕ್ಕಾರು ಸುಮ್ಮನೆ ಮಾತಾಡುವವರಲ್ಲ. ಮಾಸ್ತರರಿಗೆ ಅನ್ನ ಬೇಯಿಸುವುದು ಹೋಗಲಿ, ಒಲೆ ಎಲ್ಲಿದೆ ಎನ್ನುವುದೂ ಸರಿಯಾಗಿ ಗೊತ್ತಿರಲಿಲ್ಲ. ಗಾಬರಿಯಾದರು.

ಅದೇ ಹೊತ್ತಿಗೆ ಮುಂಬೈಯಲ್ಲಿದ್ದ ಅಕ್ಕಾರ ಅಣ್ಣ ಬಂದ. ತಾನು ಯಾರಿಂದಲೋ ಕೊಂಡು, ಆಮೇಲೆ ಬೇಸರವಾದ ಒಂದು ಸಿನಿಮಾ ಕ್ಯಾಮೆರಾ, ಒಂದು ಪ್ರೊಜೆಕ್ಟರು, ಮೂರು ರೋಲು ಫಿಲ್ಮು ಎಲ್ಲವನ್ನೂ ಮಾಸ್ತರರಿಗೆ ಬಿಟ್ಟು ಹೋದ. ಅಂಗೈ ಮೇಲೆ ಕೂರುವಂಥ ಸಣ್ಣ ಕ್ಯಾಮೆರಾ. ಗಡಿಯಾರದಂತೆ ಚಾವಿ ಕೊಟ್ಟರೆ ಕಿರ್ರ್ ಎಂದು ಓಡುತ್ತಿತ್ತು. ಮಾರನೆಯ ದಿನ ಮಾಸ್ತರು ಹತ್ತನೇ ಇಯತ್ತೆಯಲ್ಲಿ ಓದುತ್ತಿದ್ದ ನಮ್ಮನ್ನು ನಿಲ್ಲಿಸಿಕೊಂಡು ಘೋಷಿಸಿದರು.

"ನೋಡ್ರಪಾ, ನೀವೆಲ್ಲಾ ಕೂಡಿ ನಮ್ಮ ಓಣಿ ಮ್ಯಾಲೆ ಒಂದು ಡಾಕ್ಯುಮೆಂಟರಿ ಮಾಡಬೇಕು. ಇದ್ದದ್ದ ಇದ್ದಂಗ ತಗೀಬೇಕು. ಗ್ಯಾದರಿಂಗಿಗೆ ಪುರಸಭೆ ಅಧ್ಯಕ್ಷರು ಬರ್ತಾರ. ಅವರ ಮುಂದ ತೋರಸೂದು. ನೋಡಿ ಅವರು ನಳಾ ಕೊಡದ ಇದ್ರ ಕೇಳ್ರಿ."

ಗ್ಯಾದರಿಂಗು ಎಂದರೆ ನಮ್ಮ ಶಾಲೆಯ ವಾರ್ಷಿಕ ಸಮಾರಂಭ. ಬಸುವಿನ ಕೆಲಸ ಕ್ಯಾಮೆರಾಕ್ಕೆ ಚಾವಿ ಕೊಡುವುದು ಮತ್ತು ನಾಯಿ ಓಡಿಸುವುದು. ನನ್ನ ಕೆಲಸ ಬೆಳಕಿನದು. ನಮ್ಮವ್ವ ಹಿಟ್ಟು ನಾದುವ ಹಿತ್ತಾಳೆಯ ಪರಾತವನ್ನು ಬಿಸಿಲಿಗೆ ಹಿಡಿದು, ಅದರ ಹೊಳಪನ್ನು ಜನರ ಮುಖಕ್ಕೆ ಬಿಡುವುದು. ಎದುರಿಗೆ ನಿಂತವರೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೇ ನಮ್ಮ ಮೊದಲ ರೋಲಿನಲ್ಲಿ ಇಡೀ ಓಣಿ ಧ್ಯಾನಕ್ಕೆ ಕೂತ ಹಾಗಿತ್ತು.

ರೋಲು ಬದಲಿಸುವುದು ಕತ್ತಲೆಯಲ್ಲಿ ಆಗಬೇಕು ಎಂದು ಮಾಸ್ತರರ ಹಟ. ಮಟಮಟ ಮಧ್ಯಾಹ್ನ, ಕತ್ತಲೆ ಎಲ್ಲಿಂದ ತರುವುದು? ಗೌರವ್ವಜ್ಜಿಯ ಕಟ್ಟೆಯ ಮೇಲೆ ಒಣಗಲು ಹಾಕಿದ್ದ ಕರಿ ಕಂಬಳಿ ಕಂಡಿತು. ಗೌರವ್ವಜ್ಜಿ ಬಾವಿಯ ಎದುರು ಮನೆಯ ಮುದುಕಿ. ಬಾವಿಯ ಸುತ್ತಲಿನ ಎಲ್ಲ ಜಗಳಗಳಿಗೂ ಆಕೆಯೇ ನ್ಯಾಯಾಧೀಶೆ. ಆಕೆಯನ್ನು ಕೇಳದೆ ಕಂಬಳಿ ಎಳೆದುಕೊಂಡು ಮಾಸ್ತರು, ಬಸು, ನಾನು ಮೂವರೂ ಅದರೊಳಗೆ ತಲೆ ತೂರಿಸಿದೆವು. ಒಳಗೆ ಕುರಿಯ ವಾಸನೆ, ಬೆವರು. "ಅಲಗ್ಯಾಡಬ್ಯಾಡ್ರೋ, ಬೆಳಕ ಬಡಿತೈತಿ" ಎಂದು ಮಾಸ್ತರು ಪಿಸುಗುಡುತ್ತಿದ್ದರು. ಬಸುವಿಗೆ ಸೀನು ಬರುವಂತಾಗಿ, ಅದನ್ನು ತಡೆಯಲು ಮೂವರೂ ಸೇರಿ ಅವನ ಮೂಗು ಹಿಡಿದೆವು.

ಹೊರಗಿನಿಂದ ನೋಡಿದವರಿಗೆ ಕಂಡದ್ದು ಬೇರೆ. ಉರಿ ಬಿಸಿಲಿನಲ್ಲಿ ಕಂಬಳಿ ಹೊದ್ದು ನಡುಗುತ್ತಿರುವ ಮೂರು ಜೀವಗಳು. ಗೌರವ್ವಜ್ಜಿ ಒಳಗೋಡಿ, ಮೆಣಸು ಶುಂಠಿ ಕುಟ್ಟಿ ಕಷಾಯ ಕಾಸಿ ತಂದು, "ಅಯ್ಯ ನನ್ನಪ್ಪ, ಮೂರೂ ಮಂದಿಗೂ ಒಮ್ಮೆಲೆ ಚಳಿಜ್ವರ ಬಂದೇತಲ್ಲೋ!" ಎನ್ನುತ್ತ ಕಂಬಳಿಯನ್ನು ಫಕ್ಕನೆ ಎತ್ತಿಬಿಟ್ಟಳು. ಮಾಸ್ತರರ ಕೈಯಲ್ಲಿ ಹೊಸ ಫಿಲ್ಮು ಹಾವಿನ ಹಾಗೆ ಬಿಚ್ಚಿಕೊಂಡಿತ್ತು. ಬೆಳಕು ಬಡಿದು ಅದು ಅಲ್ಲಿಗೆ ಮುಗಿಯಿತು. ಕಷಾಯವನ್ನು ಮಾತ್ರ ಮೂವರೂ ಕುಡಿಯಬೇಕಾಯಿತು. ಜ್ವರ ಇಲ್ಲ ಎಂದರೆ ಅಜ್ಜಿ ಕೇಳಲಿಲ್ಲ.

ಇನ್ನೊಂದೇ ರೋಲು ಉಳಿಯಿತು. ಬಾವಿಯ ದೃಶ್ಯ ಅದರಲ್ಲೇ ಆಗಬೇಕು. ಮಾಸ್ತರು ಮನೆಮನೆಗೆ ಹೋಗಿ, "ನಾಳೆ ಮುಂಜಾನೆ ದಿನಾ ಹೆಂಗ ನೀರು ಸೇದ್ತೀರಿ ಹಂಗ ಸೇದ್ರಿ, ಅಷ್ಟ" ಎಂದು ತಿಳಿಸಿ ಬಂದರು. ಎಲ್ಲರೂ "ಆತ್ರಿ" ಅಂದರು.

ನಮ್ಮ ಓಣಿಯವರು ಸಿನಿಮಾ ನೋಡಿದ್ದು ಟೂರಿಂಗ್ ಟಾಕೀಜಿನ ಡೇರೆಯಲ್ಲಿ. ಅಲ್ಲಿ ಸಿನಿಮಾಕ್ಕೆ ಮೊದಲು ಸರಕಾರದ ಸಮಾಚಾರ ಚಿತ್ರ ಹಾಕುತ್ತಿದ್ದರು. ಅದರಲ್ಲಿ ಮಂತ್ರಿಗಳು ಹಾರ ಹಾಕಿಸಿಕೊಳ್ಳುತ್ತಿದ್ದರು, ರಿಬ್ಬನ್ ಕತ್ತರಿಸುತ್ತಿದ್ದರು, ಅತ್ತಿತ್ತ ಕೈ ಬೀಸುತ್ತಿದ್ದರು. ಕತೆಯಿಲ್ಲದ ಸಿನಿಮಾದಲ್ಲಿ ಬರುವ ಮನುಷ್ಯ ಹೀಗೇ ಇರಬೇಕು ಎನ್ನುವುದು ಎಲ್ಲರಿಗೂ ಖಾತ್ರಿಯಾಗಿತ್ತು. ಮರುದಿನ ನಾವು ಹೋಗಿ ನೋಡಿದರೆ ಬಾವಿಗೆ ಮಾವಿನ ತೋರಣ. ಹೆಂಗಸರೆಲ್ಲ ಮದುವೆಯ ಸೀರೆ ಉಟ್ಟಿದ್ದರು, ಇಲ್ಲದವರು ಇದ್ದವರ ಮನೆಯಿಂದ ತಂದು ಉಟ್ಟಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿದ ಕೊಡಗಳು ಥಳಥಳ ಹೊಳೆಯುತ್ತಿದ್ದವು. ಬಾವಿಯ ಬಾಯಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿತ್ತು. ಎಲೆ ವ್ಯಾಪಾರದ ಹುಸೇನಸಾಬರು ಶೇರವಾನಿ ತೊಟ್ಟು, ಎಲೆ ಕತ್ತರಿಸುವ ಕತ್ತರಿ ಹಿಡಿದು ತಯಾರಾಗಿ ನಿಂತಿದ್ದರು. ಗೌರವ್ವಜ್ಜಿ ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು, ಯಾರೂ ಇಲ್ಲದ ಕಡೆಗೆ ಕೈ ಬೀಸುತ್ತಿದ್ದಳು.

ಮಾಸ್ತರು ತಲೆಯ ಮೇಲೆ ಕೈ ಹೊತ್ತರು. "ಏ ಹುಸೇನಸಾಬ್ರ, ಈ ಬಾವಿ ನಿಮ್ಮ ಮುತ್ತ್ಯಾನ ಕಾಲದ್ದು. ಇದನ್ನೇನ್ ಉದ್ಘಾಟನೆ ಮಾಡ್ತೀರಿ?"

"ಅದಕ್ಕ ನೋಡ್ರಿ ಮಾಸ್ತರ," ಅಂದರು ಹುಸೇನಸಾಬರು ಗಂಭೀರವಾಗಿ, "ಇಷ್ಟ ವರ್ಷ ಆದ್ರೂ ಯಾರೂ ಮಾಡಿಲ್ಲ."

ಬಿಸಿಲೇರುತ್ತಿತ್ತು. ಮರುದಿನವೇ ರೋಲು ಮುಂಬೈಗೆ ತೊಳೆಯಲು ಹೋಗಬೇಕಿತ್ತು. ಬೇರೆ ದಾರಿ ಇಲ್ಲದೆ ಅದನ್ನೇ ತೆಗೆದೆವು. ಫಿಲ್ಮನ್ನು ತೊಳೆಯಲು ಮುಂಬೈಗೆ ಕಳಿಸುತ್ತೇವೆ ಎಂದು ಬಸು ಹೇಳಿದಾಗ ಗೌರವ್ವಜ್ಜಿ, "ಇಲ್ಲಿ ಮಂದಿಗೆ ಮೈ ತೊಳಿಯಾಕ ನೀರಿಲ್ಲ, ಅಲ್ಲಿ ಚಿತ್ರಾ ತೊಳಿತಾರಂತಾ" ಎಂದು ಒಳಗೆ ಹೋದಳು.

ಗ್ಯಾದರಿಂಗಿನ ದಿನ ಸಂಜೆ ಶಾಲೆಯ ಅಂಗಳದಲ್ಲಿ ಧೋತರವನ್ನೇ ಪರದೆಯಾಗಿ ಕಟ್ಟಿ ಸಿನಿಮಾ ತೋರಿಸಿದೆವು. ಇಡೀ ಓಣಿ ಬಂದು ಮುಂದೆ ಕೂತಿತ್ತು. ಅಕ್ಕಾರು ಒಂದು ಬದಿಗೆ ಗೋಡೆಗೆ ನಡು ಆನಿಸಿ ಕೂತಿದ್ದರು. ಮಾಸ್ತರರ ದೃಷ್ಟಿ ಪರದೆಗಿಂತ ಆ ಕಡೆಗೇ ಹೆಚ್ಚು ಹೋಗುತ್ತಿತ್ತು. ಪರದೆಯ ಮೇಲೆ ರೇಶಿಮೆ ಸೀರೆಗಳು ಬಂದವು, ಹಾರ ಬಂತು, ತುಂಬಿ ತುಳುಕುವ ಕೊಡಗಳು ಬಂದವು. ತಮ್ಮತಮ್ಮ ಮುಖ ಕಂಡಾಗಲೆಲ್ಲ ಜನ ಸಿಳ್ಳೆ ಹಾಕಿದರು. ಮುಗಿದ ಮೇಲೆ ಅಧ್ಯಕ್ಷರು ಸಂತೋಷದಿಂದ ತೊಡೆ ತಟ್ಟಿದರು.

"ಭಾಳ ಛಲೋ ಆಗೇತ್ರಿ ಮಾಸ್ತರ! ನಿಮ್ಮ ಓಣ್ಯಾಗ ಇಷ್ಟು ಸುಖಾ ಐತಂತ ನನಗ ಗೊತ್ತ ಇರಲಿಲ್ಲ. ಬಾವಿ ಏನು, ಅದರ ಛಂದ ಏನು! ನಳಾ ಮೊದಲ ಉಳದ ಓಣಿಗೆ ಕೊಡೂಣು, ಪಾಪ."

ಮಾಸ್ತರರ ಮುಖ ನೋಡಲಾಗಲಿಲ್ಲ. ಅಕ್ಕಾರು ಆಗಲೇ ಸೆರಗು ಹೊದ್ದು ಏಳುತ್ತಿದ್ದರು. "ಒಂದ ನಿಮಿಷ ಸಾಹೇಬ್ರ, ಸೇದೂದು ಇನ್ನೊಮ್ಮೆ ನೋಡ್ರಿ, ಅದು ಎಷ್ಟ ಆಳ ಐತಿ ಅಂದ್ರ" ಎನ್ನುತ್ತ ಮಾಸ್ತರು ಗಡಿಬಿಡಿಯಲ್ಲಿ ಪ್ರೊಜೆಕ್ಟರಿನ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು. ಫಿಲ್ಮು ಹಿಂದಕ್ಕೆ ಸುತ್ತುವಾಗ ಅದರ ದೀಪ ಆರಿಸುವುದನ್ನು ಮರೆತಿದ್ದರು. ಫಿಲ್ಮು ಹಿಂದುಮುಂದಾಗಿ ಓಡತೊಡಗಿತು.

ಕೊನೆಗೆ ಕತ್ತರಿಸಿದ್ದ ರಿಬ್ಬನ್ ಮೊದಲು ತಾನೇ ಕೂಡಿಕೊಂಡಿತು. ಹೆಂಗಸರು ಬೆನ್ನು ಮುಂದೆ ಮಾಡಿ ನಡೆದು ಬಾವಿಗೆ ಬಂದರು. ಕೊಡದೊಳಗಿನ ನೀರು ಮೇಲಕ್ಕೆ ಜಿಗಿದು ಬಕೆಟ್ಟಿಗೆ ಹೋಯಿತು, ಬಕೆಟ್ಟು ತುಂಬಿದ ನೀರಿನೊಂದಿಗೆ ಬಾವಿಯೊಳಗೆ ಇಳಿಯಿತು. ಒಂದಾದ ಮೇಲೆ ಒಂದು ಕೊಡ ಖಾಲಿಯಾಗುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ಹೆಡ್ ಮಾಸ್ತರು ನಕ್ಕರು. ಅಧ್ಯಕ್ಷರು ಕಣ್ಣೊರೆಸಿಕೊಂಡರು.

ಗೌರವ್ವಜ್ಜಿಗೆ ನಗು ಬರಲಿಲ್ಲ. ತನ್ನ ಕೊಡದ ಸರದಿ ಬಂದು ಅದೂ ಖಾಲಿಯಾದಾಗ ಆಕೆ ಎದ್ದು ನಿಂತಳು.

"ಏ ಮಾಸ್ತರಾ, ನಿಂದರಸೋ! ನಾ ಸೇದಿದ ನೀರು ಯಾಕ ಬಾವ್ಯಾಗ ಸುರೀತಿ? ಅದೊಂದ ಕೊಡಾ ಎತ್ತೂದರಾಗ ನನ್ನ ರಟ್ಟಿ ಹರದ ಹೋಕ್ಕಾವು. ನಿನಗ ಹಾಸ್ಯ ಆಗೇತೇನು?" ಎಂದವಳೇ ಸೀದಾ ಅಧ್ಯಕ್ಷರ ಕುರ್ಚಿಯ ಹತ್ತಿರ ಹೋಗಿ ಎರಡೂ ಅಂಗೈ ಅವರ ಮೂಗಿನ ಮುಂದೆ ಹಿಡಿದಳು. "ನೋಡಪಾ. ಸೀರಿ ಮಂದೀದು, ಹಾರ ಗುಡಿದು. ಇದು ಮಾತ್ರ ನಂದು."

ಹಗ್ಗ ಎಳೆದೆಳೆದು ಆ ಅಂಗೈಗಳ ತೊಗಲು ದಪ್ಪನಾಗಿ ಸೀಳಿತ್ತು. ಪ್ರೊಜೆಕ್ಟರಿನ ಬೆಳಕಿನಲ್ಲಿ ಎಲ್ಲರಿಗೂ ಕಂಡಿತು. ಆಕೆಯ ಹಿಂದೆ ಉಳಿದ ಹೆಂಗಸರೂ ಎದ್ದು ಬಂದು ಕೈ ತೋರಿಸಿದರು. ಅಕ್ಕಾರೂ ಬಂದರು. ಅಧ್ಯಕ್ಷರು ನಗುವುದನ್ನು ನಿಲ್ಲಿಸಿ, ಒಂದೊಂದೇ ಕೈ ನೋಡಿದರು. ಒಳ್ಳೆಯ ಮನುಷ್ಯರು. "ಕೊಡೂಣು ತಗೋ ಯವ್ವಾ, ನಿಮಗ ಮೊದಲ" ಎಂದು ಎಲ್ಲರ ಎದುರಿಗೆ ಹೇಳಿದರು. ಅಕ್ಕಾರು ಆ ಬೇಸಿಗೆಯಲ್ಲಿ ತವರಿಗೆ ಹೋಗಲಿಲ್ಲ.

ನಳ ಬರುವುದಕ್ಕೆ ಮೊದಲು ಮಾಸ್ತರರಿಗೆ ಹಿರೇಕೆರೂರಿಗೆ ವರ್ಗವಾಯಿತು. ಕೊಳವೆ ಹೂಳಲು ತೋಡಿದ ಮಣ್ಣಿನ ಗುಡ್ಡೆಗಳನ್ನು ದಾಟಿಕೊಂಡೇ ಅವರ ಸಾಮಾನಿನ ಚಕ್ಕಡಿ ಗಾಡಿ ಓಣಿಯಿಂದ ಹೊರಬಿತ್ತು. ಅಕ್ಕಾರು ಆ ಮಣ್ಣನ್ನು ನೋಡುತ್ತ ಕೂತಿದ್ದರು. ಯಾರ ಕಡೆಗೂ ಕೈ ಬೀಸಲಿಲ್ಲ.

ನಳದಲ್ಲಿ ಮೊದಲು ನೀರು ಬಂದ ದಿನ ಓಣಿಯ ಹೆಂಗಸರು ಒಂದು ತೀರ್ಮಾನ ಮಾಡಿದರು. ಮೊದಲ ಕೊಡ ಅಕ್ಕಾರಿಗೆ ಸೇರಬೇಕು. ಬಸು, ನಾನು ಬಾಯಿಗೆ ಬಟ್ಟೆ ಕಟ್ಟಿದ ತುಂಬಿದ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಹಾನಗಲ್ಲ ಮೇಲೆ ಹಾಯ್ದು ಹೋಗುವ ಹಿರೇಕೆರೂರಿನ ಬಸ್ಸು ಹಿಡಿದೆವು. ಕಂಡಕ್ಟರು ಬಗ್ಗಿ ನೋಡಿ, "ಇದೇನ್ರೋ, ಕಾಶಿಯಿಂದ ತಂದೀರೇನು?" ಅಂದ. ಸವಣೂರಿನ ನಳದ ನೀರು ಅಂದೆವು. ಆ ಮಾತು ಬಸ್ಸಿನ ತುಂಬ ಹರಡಿತು. ಒಬ್ಬ ಮುದುಕ ರುಚಿ ನೋಡಲು ಒಂದು ಗುಟುಕು ಬೇಡಿದ. ಅವನಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎನ್ನುವುದು ಹೇಗೆ? ಉಳಿದದ್ದನ್ನು ರಸ್ತೆಯ ತಗ್ಗುಗಳು ನಮ್ಮ ಚಡ್ಡಿಯ ಮೇಲೆ ಚೆಲ್ಲಿದವು. ಹಿರೇಕೆರೂರಿನಲ್ಲಿ ಇಳಿದಾಗ ಕೊಡ ಅಲ್ಲಾಡಿಸಿದರೆ ತಳದಲ್ಲಿ ಸಣ್ಣದಾಗಿ ಸಪ್ಪಳ ಬರುತ್ತಿತ್ತು.

ಅಕ್ಕಾರು ಬಾಗಿಲಲ್ಲೇ ನಮ್ಮನ್ನು ಕಂಡು, ವಿಷಯ ತಿಳಿದು, ಒಳಗಿನಿಂದ ಲೋಟ ತಂದರು. ಕೊಡ ಪೂರ್ತಿ ಬಗ್ಗಿಸಿದಾಗ ಲೋಟ ಒಂದು ಮಾತ್ರ ತುಂಬಿತು. ಮಾಸ್ತರು ಓಡಿ ಬಂದು ಹತ್ತಿರ ನಿಂತರು. ಪರೀಕ್ಷೆಯ ಫಲಿತಾಂಶಕ್ಕೆ ನಾವು ನಿಲ್ಲುತ್ತಿದ್ದಂತೆ ನಿಂತಿದ್ದರು. ಅಕ್ಕಾರು ಒಂದೇ ಗುಟುಕಿಗೆ ಕುಡಿದರು.

"ಹೆಂಗೈತಿ?"

"ಸಪ್ಪಗೈತ್ರಿ" ಅಂದರು ಅಕ್ಕಾರು. ಮಾಸ್ತರರ ಮುಖ ಇಳಿಯಿತು. ಅಕ್ಕಾರು ಖಾಲಿ ಲೋಟವನ್ನು ಅವರ ಮುಂದೆ ಚಾಚಿ, "ಇನ್ನ ಐತೇನು?" ಎಂದು ಕೇಳಿದರು. ಅಕ್ಕಾರ ಕಣ್ಣು ಒದ್ದೆಯಾಗಿತ್ತು.

ಮಾಸ್ತರು ಕೊಡದೊಳಗೆ ಇಣುಕಿದರು. ನಮ್ಮ ಚಡ್ಡಿ ನೋಡಿದರು. ಮನೆಯ ಎದುರಿಗೇ ಹಿರೇಕೆರೂರಿನ ಬಾವಿ ಇತ್ತು. ಅದು ಸವಣೂರಿನದಕ್ಕಿಂತ ಆಳ ಎಂದು ಆಮೇಲೆ ಗೊತ್ತಾಯಿತು. ಮಾಸ್ತರು ಒಂದು ಗಳಿಗೆ ಅದನ್ನು ನೋಡುತ್ತ ನಿಂತರು. ಆಮೇಲೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು, ಮೂಲೆಯಲ್ಲಿದ್ದ ಹಗ್ಗ ಹೆಗಲಿಗೆ ಹಾಕಿಕೊಂಡರು, ನಾವು ತಂದ ಕೊಡ ಎತ್ತಿಕೊಂಡು ಹೊರಗೆ ನಡೆದರು. ಬಾವಿಯ ಹತ್ತಿರ ಇದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ದಾರಿ ಬಿಟ್ಟರು. ಅಷ್ಟು ಬಾವಿಗಳ ಆಳ ಅಳೆದ ಮನುಷ್ಯ, ಒಂದು ಬಕೆಟ್ಟನ್ನೂ ಎಂದೂ ಸೇದಿರಲಿಲ್ಲ. ಹಗ್ಗ ಒಮ್ಮೆ ಕೈ ಜಾರಿತು, ಮತ್ತೊಮ್ಮೆ ಜಾರಿತು. ನಾನೂ ಬಸುವೂ ಸಹಾಯಕ್ಕೆ ಎದ್ದಾಗ ಅಕ್ಕಾರು, "ಕುಂದರ್ರೋ ಸುಮ್ನ" ಎಂದು ಗದರಿಸಿದರು. ತಾವೂ ಹೊಸ್ತಿಲ ಮೇಲೆ ಆರಾಮಾಗಿ ಕೂತು, ನೋಡತೊಡಗಿದರು.

ಬಹಳ ಹೊತ್ತಿನ ಮೇಲೆ ಮಾಸ್ತರು ಬಂದರು. ನಡುವಿನವರೆಗೆ ನೆನೆದಿದ್ದರು, ಅಂಗೈ ಕೆಂಪಾಗಿತ್ತು, ಕೊಡ ಅರ್ಧ ತುಂಬಿತ್ತು. ಲೋಟದಲ್ಲಿ ನೀರು ಹಾಕಿ ಹೆಂಡತಿಯ ಕೈಗೆ ಕೊಟ್ಟರು. ಅಕ್ಕಾರು ನಿಧಾನಕ್ಕೆ, ಒಂದೊಂದೇ ಗುಟುಕು ಕುಡಿದರು.

"ಇದು ಛಲೋ ಐತಿ" ಅಂದರು. "ಹುಡುಗೂರು ಬಂದಾವು, ಅಡಿಗಿಗೆ ಬೇಕು. ಇನ್ನೊಂದು ಕೊಡಾ ತರ್ರಿ."

ಮಾಸ್ತರು ಹಗ್ಗ ತೆಗೆದುಕೊಂಡು ಮತ್ತೆ ಬಾವಿಯ ಕಡೆಗೆ ನಡೆದರು.